ಎರಡು ಘಾಟಿಗಳ ನಡುವಿನ ಬಯಲು

2024ರ ಟೂರ್ ಡಿ ಫ್ರಾನ್ಸ್ ಪ್ಯಾರಿಸ್ಸಿನಲ್ಲಿ ಮುಗಿಯಲಿಲ್ಲ. ಒಲಿಂಪಿಕ್ಸಿನ ಗಡಿಬಿಡಿಯಲ್ಲಿದ್ದ ಆ ಊರಿಗೆ ಸೈಕಲ್ಲಿನವರನ್ನು ಕರೆಸಿಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ. ಕೊನೆಯ ದಿನವನ್ನು ದಕ್ಷಿಣದ ಕಡಲ ತೀರಕ್ಕೆ ಒಯ್ದು, ಮೊನಾಕೊದಿಂದ ನೀಸ್‌ಗೆ 33.7 ಕಿಲೋಮೀಟರಿನ ಟೈಮ್ ಟ್ರಯಲ್ ಇಟ್ಟರು. ಗುಂಪಿಲ್ಲ, ಜೊತೆಗಾರರಿಲ್ಲ, ಒಬ್ಬೊಬ್ಬರೇ ಗಡಿಯಾರದ ಎದುರು. ಇದರ ಹಿಂದಿನ ಆಸೆ ಎಲ್ಲರಿಗೂ ಗೊತ್ತಿತ್ತು. 1989ರಲ್ಲಿ ಇಂಥದೇ ಕೊನೆಯ ದಿನ, ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ 24.5 ಕಿಲೋಮೀಟರಿನ ಹಾದಿಯಲ್ಲಿ, 50 ಸೆಕೆಂಡು ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಫ್ರಾನ್ಸಿನ ಲೋರಾಂ ಫಿನ್ಯೋ ಅವರನ್ನು ದಾಟಿ ಇಡೀ ಟೂರನ್ನೇ 8 ಸೆಕೆಂಡಿನಿಂದ ಗೆದ್ದಿದ್ದರು. ಮೂರು ವಾರ ಸೈಕಲ್ ತುಳಿದು 8 ಸೆಕೆಂಡು. ಮೂವತ್ತೈದು ವರ್ಷಗಳ ನಂತರ ಅದೇ ಬೀಜವನ್ನು ಮತ್ತೆ ಬಿತ್ತಿ ನೋಡಿದರು. ತಾದೆಯ್ ಪೊಗಾಚಾರ್ ಆ ಬೆಳಿಗ್ಗೆಯೇ 5 ನಿಮಿಷ 14 ಸೆಕೆಂಡು ಮುಂದಿದ್ದರು. ಸಂಜೆ ಅದು 6 ನಿಮಿಷ 17 ಸೆಕೆಂಡು ಆಯಿತು. ಸಮುದ್ರ ಚೆನ್ನಾಗಿ ಕಾಣುತ್ತಿತ್ತು, ಅಷ್ಟೆ.

ಹಾಗಾದರೆ ಆ ದಾರಿ ಕೆಟ್ಟದ್ದೇ? 1989ರ ದಾರಿ ಒಳ್ಳೆಯದೇ? ಲೆಮಾಂಡ್ ಆ ದಿನ ಒಂಬತ್ತು ಸೆಕೆಂಡು ನಿಧಾನವಾಗಿ ತುಳಿದಿದ್ದರೆ, ಅದೇ ದಾರಿಯನ್ನು ಹಾಕಿದವರಿಗೆ ಇಂದು ಸಿಗುತ್ತಿರುವ ಹೊಗಳಿಕೆ ಸಿಗುತ್ತಿತ್ತೇ? ರೇಸಿನ ದಾರಿಯನ್ನು ತೂಗಲು ಕೂತವರೆಲ್ಲ ಮೊದಲು ಎಡವುವುದು ಇಲ್ಲಿ. ಫಲವನ್ನು ನೋಡಿಕೊಂಡು ಹಿಂದಕ್ಕೆ ನಡೆದು, ಬೀಜಕ್ಕೆ ಅಂಕ ಕೊಡುತ್ತೇವೆ.

ಪ್ರತಿ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಪಾಲೆ ದೆ ಕೊಂಗ್ರೆಯ ದೊಡ್ಡ ಸಭಾಂಗಣದಲ್ಲಿ ಮುಂದಿನ ವರ್ಷದ ನಕ್ಷೆಯನ್ನು ಪರದೆಯ ಮೇಲೆ ತೋರಿಸುತ್ತಾರೆ. ಸವಾರರು ಮುಂದಿನ ಸಾಲಿನಲ್ಲಿ ಕೋಟು ಹಾಕಿಕೊಂಡು ಕೂತಿರುತ್ತಾರೆ. ಅರ್ಧ ಗಂಟೆಯೊಳಗೆ ಜಗತ್ತಿನ ತುಂಬ ತೀರ್ಪು: ಈ ಸಲ ಬೆಟ್ಟ ಹತ್ತುವವರಿಗೆ ಹಬ್ಬ, ಟೈಮ್ ಟ್ರಯಲ್ ಕಡಿಮೆ ಆಯಿತು, ಎರಡನೇ ವಾರ ಸಪ್ಪೆ. ನಾನೂ ಈ ತೀರ್ಪುಗಾರರಲ್ಲಿ ಒಬ್ಬ. ಚುಕ್ಕಿ ಗೆರೆಗಳನ್ನು ನೋಡಿ ಜುಲೈ ತಿಂಗಳ ಮಧ್ಯಾಹ್ನಗಳನ್ನು ಊಹಿಸುವುದರಲ್ಲಿ ಒಂದು ಚಟದ ಸುಖವಿದೆ. ಆದರೆ ಆ ಗೆರೆಗಳು ನಮ್ಮ ಸುಖಕ್ಕಷ್ಟೇ ಎಳೆದವಲ್ಲ. ರೇಸು ತಮ್ಮ ಊರಿಗೆ ಬರಲೆಂದು ಪಟ್ಟಣಗಳು ದುಡ್ಡು ಕಟ್ಟುತ್ತವೆ, ಮೇಯರುಗಳು ಸಾಲುಗಟ್ಟುತ್ತಾರೆ. ಟಿವಿಯವರ ಟ್ರಕ್ಕುಗಳು, ತಂಡಗಳ ಬಸ್ಸುಗಳು ನಿಲ್ಲಲು ಬೆಟ್ಟದ ತುದಿಯಲ್ಲಿ ಜಾಗ ಬೇಕು. ಟೂರಿನ ದಾರಿಯನ್ನು ರೂಪಿಸುವ ತಿಯರಿ ಗುವೆನು ಹಿಂದೆ ತಾವೇ ಟೂರ್ ಓಡಿದ ಸವಾರ. ಅವರಂಥವರ ಕೈಯಲ್ಲೂ ಪೂರ್ತಿ ಖಾಲಿ ಹಾಳೆ ಎಂಬುದು ಇರುವುದಿಲ್ಲ.

ಒಂದೇ ಘಾಟಿಯನ್ನು ಎರಡು ಸಲ ನೋಡಿದರೆ ನನ್ನ ಪ್ರಶ್ನೆ ಸ್ಪಷ್ಟವಾಗುತ್ತದೆ. ಇಟಲಿಯ ವಾಯವ್ಯದಲ್ಲಿ, ಸೂಸಾ ಕಣಿವೆಯಿಂದ ಮೇಲೇಳುವ ಕೊಲೆ ದೆಲ್ಲೆ ಫಿನೆಸ್ತ್ರೆ. ಹದಿನೆಂಟೂವರೆ ಕಿಲೋಮೀಟರ್ ಏರು, ಸರಾಸರಿ ನೂರು ಮೀಟರಿಗೆ ಒಂಬತ್ತು ಮೀಟರಿಗಿಂತ ಹೆಚ್ಚು ಮೇಲಕ್ಕೆ. ತುದಿ 2178 ಮೀಟರ್ ಎತ್ತರದಲ್ಲಿ. ಕೆಳಗಿನ ಅರ್ಧ ಕಾಡಿನ ನಡುವೆ, ಒಂದರ ಬೆನ್ನಿಗೊಂದು ಹೇರ್‌ಪಿನ್ ತಿರುವು. ಸುಮಾರು ಎಂಟು ಕಿಲೋಮೀಟರ್ ಉಳಿದಿರುವಾಗ ಡಾಂಬರು ನಿಂತುಹೋಗಿ ಜಲ್ಲಿ ಮಣ್ಣಿನ ಹಾದಿ ಶುರು. ಅಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಕೂತೇ ತುಳಿಯಬೇಕು, ಅದೂ ಸೊಂಟ ಬಿದ್ದುಹೋಗುವ ಏರಿನಲ್ಲಿ. ಮುಂದೆ ಹೋದ ಕಾರು ಮೋಟರ್ ಸೈಕಲ್ಲುಗಳ ಧೂಳು ಬೆವರಿಗೆ ಅಂಟಿ ಮುಖದ ಮೇಲೆ ಬೂದುಬಣ್ಣದ ಪದರವಾಗಿರುತ್ತದೆ.

2018ರ ಮೇ 25. ಇಟಲಿಯ ರೇಸು ಜಿರೊದ ಹತ್ತೊಂಬತ್ತನೇ ಹಂತ. ಮುನ್ನಡೆಯ ಗುಲಾಬಿ ಜೆರ್ಸಿ ಇಂಗ್ಲೆಂಡಿನ ಸೈಮನ್ ಯೇಟ್ಸ್ ಮೈಮೇಲೆ. ನಾಲ್ಕನೇ ಸ್ಥಾನದಲ್ಲಿದ್ದ ಕ್ರಿಸ್ ಫ್ರೂಮ್ 3 ನಿಮಿಷ 22 ಸೆಕೆಂಡು ಹಿಂದೆ. ಈ ಜಲ್ಲಿ ಹಾದಿಯಲ್ಲಿ, ಇನ್ನೂ ಸುಮಾರು 80 ಕಿಲೋಮೀಟರ್ ಬಾಕಿ ಇರುವಾಗ, ಫ್ರೂಮ್ ಒಬ್ಬರೇ ಹೊರಟರು. ಯೇಟ್ಸ್ ಕುಸಿದುಬಿದ್ದು ಆ ದಿನ 38 ನಿಮಿಷಕ್ಕೂ ಹೆಚ್ಚು ಕಳೆದುಕೊಂಡರು. ಸಂಜೆ ಗುಲಾಬಿ ಜೆರ್ಸಿ ಫ್ರೂಮ್ ಪಾಲಾಗಿತ್ತು. ಎರಡನೇ ಸ್ಥಾನದ ಟಾಮ್ ಡ್ಯೂಮುಲಾನ್ ಅವರಿಗಿಂತ 40 ಸೆಕೆಂಡು ಮುಂದೆ.

ಎಲ್ಲರೂ ಫಿನೆಸ್ತ್ರೆಯನ್ನು ಕೊಂಡಾಡಿದರು. ಆದರೆ ತುದಿ ಮುಟ್ಟಿದಾಗ ಫ್ರೂಮ್ ಮತ್ತು ಡ್ಯೂಮುಲಾನ್ ನಡುವೆ ಇದ್ದದ್ದು ಒಂದು ನಿಮಿಷಕ್ಕೂ ಕಡಿಮೆ ಅಂತರ. ಅದು ಮೂರು ನಿಮಿಷ ದಾಟಿದ್ದು ಇಳಿಜಾರಿನಲ್ಲಿ, ಆಮೇಲಿನ ಕಣಿವೆಯಲ್ಲಿ. ಬಯಲಿನಲ್ಲಿ ಮುಂದಿನವನ ಬೆನ್ನ ಮರೆಯಲ್ಲಿ ತುಳಿಯುವವನಿಗೆ ಗಾಳಿಯ ಹೊಡೆತ ಬಹಳ ಕಡಿಮೆ. ಆದ್ದರಿಂದ ಲೆಕ್ಕದ ಪ್ರಕಾರ ಒಂಟಿಯಾಗಿ ಓಡುವವನು ಸೋಲಬೇಕು, ಸರದಿಯ ಮೇಲೆ ಗಾಳಿ ತಿನ್ನುವ ನಾಲ್ಕೈದು ಜನ ಅವನನ್ನು ಹಿಡಿಯಬೇಕು. ಹಿಡಿಯಲಿಲ್ಲ. ಡ್ಯೂಮುಲಾನ್ ಇಳಿಜಾರಿನಲ್ಲಿ ತಡೆದು, ಜೊತೆಯಾಗಬಲ್ಲ ಇನ್ನೊಂದು ತಂಡದ ಸವಾರನಿಗಾಗಿ ಕಾದರು. ಕಾದದ್ದರಿಂದ ಆದ ಲಾಭ ಕಾಯುವುದರಲ್ಲಿ ಆದ ನಷ್ಟವನ್ನು ತುಂಬಲಿಲ್ಲ.

ಏಳು ವರ್ಷದ ನಂತರ, 2025ರ ಮೇ 31ರಂದು ಇದೇ ಘಾಟಿ, ಈ ಸಲ ಸೆಸ್ತ್ರಿಯೆರೆಯಲ್ಲಿ ಮುಗಿಯುವ ಹಂತ, ರೋಮಿಗೆ ಒಂದೇ ದಿನ ಬಾಕಿ. ಗುಲಾಬಿ ಜೆರ್ಸಿ ಮೆಕ್ಸಿಕೊದ ತರುಣ ಇಸಾಕ್ ದೆಲ್ ತೋರೊ ಬಳಿ, 43 ಸೆಕೆಂಡು ಹಿಂದೆ ಎಕ್ವಡಾರಿನ ರಿಚರ್ಡ್ ಕರಪಾಸ್, 1 ನಿಮಿಷ 21 ಸೆಕೆಂಡು ಹಿಂದೆ ಅದೇ ಸೈಮನ್ ಯೇಟ್ಸ್. ಯೇಟ್ಸ್ ಏರಿನಲ್ಲಿ ಮುಂದೆ ಹೋದಾಗ ಉಳಿದಿಬ್ಬರು ಒಬ್ಬರ ಮುಖ ಒಬ್ಬರು ನೋಡಿದರು. ನಾನೇಕೆ ಎಳೆಯಲಿ, ನೀನು ಎಳೆ. ಬೆಳಿಗ್ಗೆಯೇ ಮುಂದಿನ ಗುಂಪಿನಲ್ಲಿ ಸೇರಿಕೊಂಡಿದ್ದ ಯೇಟ್ಸ್‌ರ ತಂಡದ ವೌಟ್ ವಾನ್ ಆರ್ಟ್ ಘಾಟಿ ಇಳಿದ ಮೇಲೆ ಜೊತೆಗೂಡಿ, ಕಣಿವೆಯುದ್ದಕ್ಕೂ ತಮ್ಮ ನಾಯಕನನ್ನು ಬೆನ್ನ ಮರೆಯಲ್ಲಿಟ್ಟುಕೊಂಡು ಎಳೆದರು. ಹಿಂದಿನಿಬ್ಬರ ಹಟ ಮುಗಿಯಲೇ ಇಲ್ಲ. ಯೇಟ್ಸ್ ಆ ಜಿರೊವನ್ನು 3 ನಿಮಿಷ 56 ಸೆಕೆಂಡಿನಿಂದ ಗೆದ್ದರು.

ಪತ್ರಿಕೆಗಳು ಇದನ್ನು ಒಂದು ಬೆಟ್ಟದ ಮೇಲಿನ ಸೋಲು ಗೆಲುವಿನ ಕಥೆಯಾಗಿ ಬರೆದವು, ಅದು ತಪ್ಪೇನಲ್ಲ. ನನ್ನ ಕಣ್ಣು ಮಾತ್ರ ಬೆಟ್ಟವನ್ನು ಬಿಟ್ಟು ಆ ಕಣಿವೆಯ ಕಡೆ ಹೋಗುತ್ತದೆ. ಏರು ಅಳೆಯುವುದು ಮೈಯನ್ನು. ಅಲ್ಲಿ ಸುಳ್ಳಿಗೆ ಜಾಗವಿಲ್ಲ, ವಿಚಾರಕ್ಕೂ ಹೆಚ್ಚು ಜಾಗವಿಲ್ಲ. ಕಣಿವೆಯಲ್ಲಿ ಮನುಷ್ಯ ಇನ್ನೊಬ್ಬ ಮನುಷ್ಯನ ಬಗ್ಗೆ ತೀರ್ಮಾನ ಮಾಡಬೇಕು. ಇವನನ್ನು ನಂಬಲೇ? ಇವನಿಗಾಗಿ ಕಾಯಲೇ? ನಾನು ಸೋತರೂ ಸರಿ, ಇವನು ಗೆಲ್ಲಬಾರದು ಎಂಬ ಮಾತು ನನ್ನೊಳಗೆ ಎಷ್ಟು ಬಲವಾಗಿದೆ? ದಾರಿ ಹಾಕುವವರು ಘಾಟಿಯ ತುದಿಯಲ್ಲೇ ಗೆರೆ ಎಳೆದು ಮುಗಿಸಿಬಿಟ್ಟರೆ ಈ ಪ್ರಶ್ನೆಗಳು ಏಳುವುದೇ ಇಲ್ಲ. ಯಾರ ಕಾಲು ಗಟ್ಟಿ ಎಂದು ಗೊತ್ತಾಗುತ್ತದೆ, ಅದೂ ಬಹುಮಟ್ಟಿಗೆ ಮೊದಲೇ ಗೊತ್ತಿದ್ದ ಸಂಗತಿ.

ತಾಳಮದ್ದಳೆಯ ರುಚಿ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರಸಂಗದ ಪದ್ಯಗಳು ಅವೇ, ಭಾಗವತರು ಹಾಡುವ ಕ್ರಮವೂ ಹೆಚ್ಚುಕಡಿಮೆ ಅದೇ. ಕೃಷ್ಣನಿಗೂ ಕೌರವನಿಗೂ ಕೂತ ಅರ್ಥಧಾರಿಗಳು ಬದಲಾದರೆ ಒಂದು ರಾತ್ರಿಯ ಕೃಷ್ಣಸಂಧಾನ ಬೆಳಗಿನವರೆಗೆ ಕೂರಿಸುತ್ತದೆ, ಇನ್ನೊಂದು ರಾತ್ರಿಯದು ಚಹಾದಂಗಡಿಗೆ ಎಬ್ಬಿಸಿ ಕಳಿಸುತ್ತದೆ. ಹಾಗೆಂದು ಪ್ರಸಂಗಗಳಲ್ಲಿ ಒಳ್ಳೆಯದು ಕೆಟ್ಟದ್ದು ಇಲ್ಲವೆನ್ನಲಾದೀತೇ? ಎದುರು ಕೂತವರಿಬ್ಬರಿಗೂ ಮಾತಿಗೆ ಎಡೆ ಕೊಟ್ಟದ್ದು ಒಳ್ಳೆಯ ಪ್ರಸಂಗ. ದಾರಿಯನ್ನೂ ಹೀಗೆಯೇ ನೋಡಬೇಕೆಂದು ನನಗನಿಸುತ್ತದೆ. ಅದರ ಮೇಲೆ ನಡೆದ ಒಂದು ರೇಸನ್ನು ಪಕ್ಕಕ್ಕಿಟ್ಟು, ಅಲ್ಲಿ ಎಷ್ಟು ಬಗೆಯ ರೇಸು ನಡೆಯಬಹುದಿತ್ತು, ಎರಡನೆಯವನಿಗೆ, ಐದನೆಯವನಿಗೆ ಆಸೆ ಪಡಲು ಎಲ್ಲೆಲ್ಲಿ ಜಾಗವಿತ್ತು ಎಂದು ಕೇಳಬೇಕು. ಈ ಲೆಕ್ಕದಲ್ಲಿ ನೀಸ್‌ನ ಕೊನೆಯ ದಿನ ಕೆಟ್ಟದ್ದಲ್ಲ. ಆಸೆ ಪಡಬೇಕಾದವರ ಕೈಯಲ್ಲಿ ಆ ಹೊತ್ತಿಗೆ ಏನೂ ಉಳಿದಿರಲಿಲ್ಲ, ಅದು ಬೇರೆ ಮಾತು.

ಆಸೆಯನ್ನು ಬತ್ತಿಸುವುದು ಬೆಟ್ಟದ ಕೊರತೆ ಎಂದು ನಂಬಿದವರು ಬಹಳ ಜನ. ಅನುಭವ ಹಾಗೆ ಹೇಳುವುದಿಲ್ಲ. 2009ರಲ್ಲಿ ಟೂರಿನವರು ಮೋಂ ವಂತೂ ಬೆಟ್ಟವನ್ನು ಪ್ಯಾರಿಸ್ಸಿನ ಹಿಂದಿನ ದಿನಕ್ಕೆ ಇಟ್ಟರು, ಕೊನೆಯವರೆಗೂ ಕುತೂಹಲ ಉಳಿಯಲಿ ಎಂದು. ಆಗಿದ್ದೇನು? ಆ ಬೆಟ್ಟದ ಹೆದರಿಕೆ ಹಿಂದಿನ ದಿನಗಳ ಮೇಲೆಲ್ಲ ನೆರಳು ಚಾಚಿತು. ಪ್ರಖ್ಯಾತ ತೂರ್ಮಲೆ ಘಾಟಿಯನ್ನು ಹತ್ತಿಸಿ, ಅದಾದ ಮೇಲೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಗೆರೆ ಎಳೆದಿದ್ದ ದಿನವಂತೂ ನಾಯಕರು ಯಾರೂ ಅಲುಗಾಡಲಿಲ್ಲ. ವಂತೂ ಬಂದಾಗ ಮೊದಲೆರಡು ಸ್ಥಾನ ಕದಲಲೂ ಇಲ್ಲ. ಇಲ್ಲಿ ನನ್ನ ಕಣಿವೆಯ ಮಾತಿಗೇ ಅಡ್ಡಿ ಬರುತ್ತದೆ, ಮುಚ್ಚಿಡುವುದು ಬೇಡ: ಅತಿ ಉದ್ದದ ಬಯಲೂ ಆಸೆಯನ್ನು ಕೊಲ್ಲುತ್ತದೆ. ಎಷ್ಟು ಉದ್ದ ಸರಿ ಎಂಬುದಕ್ಕೆ ಸೂತ್ರ ಹೇಳುವವರನ್ನು ನಾನು ನಂಬುವುದಿಲ್ಲ.

2022ರ ಟೂರಿನಲ್ಲಿ ಕೋಲ್ ದು ಗ್ರಾನೋ ಏರು ಹನ್ನೊಂದನೇ ಹಂತದಲ್ಲೇ ಬಂತು, ಇಪ್ಪತ್ತೊಂದರಲ್ಲಿ ಸರಿಯಾಗಿ ನಡುವೆ. ಅಲ್ಲಿ ಕಳೆದುಕೊಂಡರೆ ಮರಳಿ ಪಡೆಯಲು ದಿನಗಳಿದ್ದವು. ಆದ್ದರಿಂದ ಕಳೆದುಕೊಳ್ಳುವ ಧೈರ್ಯವೂ ಇತ್ತು. ಅದಕ್ಕೂ ಮೊದಲು ಗಾಲಿಬಿಯೆ ಘಾಟಿಯ ಮೇಲೆ ಒಂದೇ ತಂಡದ ಪ್ರಿಮೋಜ್ ರೊಗ್ಲಿಚ್, ಯೋನಾಸ್ ವಿಂಗೆಗೋರ್ ಒಬ್ಬರಾದ ಮೇಲೆ ಒಬ್ಬರು ಮೇಲೆ ಬಿದ್ದು ಪೊಗಾಚಾರ್ ಅವರನ್ನು ದಣಿಸಿದರು. ಪೊಗಾಚಾರ್ ಪ್ರತಿಯೊಂದಕ್ಕೂ ತಾವೇ ಉತ್ತರಿಸಿದರು, ನಗುನಗುತ್ತಾ. ಗ್ರಾನೋದ ಮೇಲೆ ಆ ನಗುವಿನ ಬೆಲೆ 2 ನಿಮಿಷ 51 ಸೆಕೆಂಡು. ಇನ್ನು 2018ರ ಟೂರಿನ 65 ಕಿಲೋಮೀಟರಿನ ಗಿಡ್ಡ ಹಂತದಲ್ಲಿ ಮೋಟರ್ ರೇಸಿನಂತೆ ಸಾಲುಸಾಲಾಗಿ ನಿಲ್ಲಿಸಿ ಬಿಟ್ಟ ಚಮತ್ಕಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಲವೇ ನಿಮಿಷದಲ್ಲಿ ಎಲ್ಲರೂ ತಂತಮ್ಮ ತಂಡದವರ ಪಕ್ಕ ಸೇರಿಕೊಂಡರು.

ಇದಕ್ಕಿಂತ ಆಳದಲ್ಲಿ ಒಂದು ಮುಜುಗರವಿದೆ. ದಾರಿಯನ್ನು ತೂಗುವಾಗ ‘ಅತ್ಯುತ್ತಮ ಸವಾರ ಗೆಲ್ಲುವಂತಿರಬೇಕು’ ಎನ್ನುತ್ತೇವೆ, ಆ ಅತ್ಯುತ್ತಮ ಸವಾರ ದಾರಿಗಿಂತ ಮೊದಲೇ ಎಲ್ಲೋ ಇದ್ದಾನೆ ಎಂಬಂತೆ. 2012ರ ಟೂರಿನಲ್ಲಿ ಒಂಟಿ ಟೈಮ್ ಟ್ರಯಲ್ಲುಗಳೇ ಒಟ್ಟು 100 ಕಿಲೋಮೀಟರ್ ದಾಟಿದ್ದವು. ಗಡಿಯಾರದ ಎದುರು ಪಳಗಿದ ಬ್ರಾಡ್ಲಿ ವಿಗಿನ್ಸ್ ಗೆದ್ದರು. 2015ರಲ್ಲಿ ಅದು ಬರೀ 13.8 ಕಿಲೋಮೀಟರ್. ವಿಗಿನ್ಸ್ ಅವರಂಥವರಿಗೆ ಆ ವರ್ಷ ಬಾಗಿಲೇ ಮುಚ್ಚಿತ್ತು. ಅರ್ಹತೆಯನ್ನು ಹುಡುಕುವ ಪರೀಕ್ಷೆಯೇ ಅರ್ಹತೆಯನ್ನು ಬರೆಯುವುದೂ ಹೌದು. ಪ್ರಶ್ನೆಪತ್ರಿಕೆ ತೆಗೆಯುವ ಎಲ್ಲರಿಗೂ ಈ ಅಧಿಕಾರವಿದೆ, ಒಪ್ಪಿಕೊಳ್ಳುವವರು ಕಡಿಮೆ.

ಆದರೆ ಬರೆದವರ ಕೈಗೂ ಅದು ಪೂರ್ತಿ ಸಿಗುವುದಿಲ್ಲ. 2015ರ ದಾರಿ ಕೊಲಂಬಿಯಾದ ಬೆಟ್ಟಗಾರ ನೈರೊ ಕಿಂತಾನ ಅವರಿಗೆ ಹೇಳಿ ಮಾಡಿಸಿದಂತಿತ್ತು. ಎರಡನೇ ದಿನ ನೆದರ್‌ಲೆಂಡ್ಸಿನ ಕಡಲ ದಂಡೆಯಲ್ಲಿ, ಏರು ಎಂಬುದೇ ಇಲ್ಲದ ನೆಲದಲ್ಲಿ, ಗಾಳಿ ಮಳೆಗೆ ಗುಂಪು ಹರಿದು ಹೋಳಾಯಿತು. ಕಿಂತಾನ ಹಿಂದಿನ ಹೋಳಿನಲ್ಲಿ ಸಿಕ್ಕಿ 1 ನಿಮಿಷ 28 ಸೆಕೆಂಡು ಕಳೆದುಕೊಂಡರು. ಪ್ಯಾರಿಸ್ಸಿನಲ್ಲಿ ಅವರು ಫ್ರೂಮ್‌ಗಿಂತ 1 ನಿಮಿಷ 12 ಸೆಕೆಂಡು ಹಿಂದಿದ್ದರು.

ಇಲ್ಲಿಯವರೆಗಿನ ಮಾತೆಲ್ಲ ನೋಡುವವರ ಸುಖದ ಸುತ್ತ ತಿರುಗಿತು. ದಾರಿಯಲ್ಲಿ ಮೈ ಒಡ್ಡುವವರ ಲೆಕ್ಕ ಬೇರೆ. 1910ರಲ್ಲಿ ಟೂರಿನ ಪರವಾಗಿ ತೂರ್ಮಲೆಯನ್ನು ನೋಡಿಬರಲು ಹೋದ ಆಲ್ಫೋನ್ಸ್ ಸ್ಟೈನೆಸ್ ಹಿಮದಲ್ಲಿ ದಾರಿ ತಪ್ಪಿ, ಜೀವ ಉಳಿಸಿಕೊಂಡು ಇಳಿದ ಮೇಲೆ, ರಸ್ತೆ ಬಹಳ ಚೆನ್ನಾಗಿದೆ ಎಂದು ಪ್ಯಾರಿಸ್ಸಿಗೆ ತಂತಿ ಕಳಿಸಿದರಂತೆ. ಆ ವರ್ಷ ಪಿರನೀಸ್ ಘಾಟಿಗಳನ್ನು ಹತ್ತಿದ ಒಕ್ತಾವ್ ಲಪೀಜ್, ಸಂಘಟಕರ ಮುಖಕ್ಕೆ ಕೊಲೆಗಡುಕರೆಂದು ಕೂಗಿದರು. ರೇಸನ್ನೂ ಗೆದ್ದರು. ಈ ಕಥೆಯನ್ನು ನಾವು ನಗುತ್ತಾ ಹೇಳಿಕೊಳ್ಳುತ್ತೇವೆ.

2020ರ ಆಗಸ್ಟಿನಲ್ಲಿ ಪೋಲೆಂಡಿನ ಕಾಟೋವಿತ್ಸೆಯಲ್ಲಿ ನಡೆದದ್ದಕ್ಕೆ ಯಾರೂ ನಗಲಾರರು. ಅಲ್ಲಿನ ಕೊನೆಯ ನೇರ ರಸ್ತೆ ಇಳಿಜಾರು. ಗುಂಪು ಗಂಟೆಗೆ 80 ಕಿಲೋಮೀಟರಿನ ಆಸುಪಾಸು ವೇಗದಲ್ಲಿ ಗೆರೆಯತ್ತ ನುಗ್ಗುತ್ತಿತ್ತು. ಡೈಲನ್ ಗ್ರೂನೆವೇಗನ್ ಪಕ್ಕಕ್ಕೆ ಸರಿದರು, ಫ್ಯಾಬಿಯೊ ಯಾಕೊಬ್ಸೆನ್ ಬೇಲಿಯನ್ನು ಒಡೆದುಕೊಂಡು ಹಾರಿಬಿದ್ದು ಸಾವಿನ ಬಾಗಿಲಿಗೆ ಹೋಗಿಬಂದರು. ಗ್ರೂನೆವೇಗನ್‌ಗೆ ಒಂಬತ್ತು ತಿಂಗಳ ನಿಷೇಧ. ತಪ್ಪು ಅವರದಿತ್ತು, ಶಿಕ್ಷೆ ಸರಿ. ಆದರೆ ವೇಗದ ಓಟಗಾರರನ್ನು ಇಳಿಜಾರಿನಲ್ಲಿ ಬಿಟ್ಟು ಅಲ್ಲೇ ಗೆರೆ ಎಳೆದವರೂ ಒಬ್ಬರಿದ್ದರು. ಆ ಇಳಿಜಾರಿನ ಬಗ್ಗೆ ಸವಾರರ ತಕರಾರು ಹೊಸದೂ ಆಗಿರಲಿಲ್ಲ.

2023ರ ಜೂನಿನಲ್ಲಿ ಸ್ವಿಟ್ಜರ್ಲೆಂಡಿನ ರೇಸಿನ ಐದನೇ ಹಂತ ಅಲ್ಬುಲಾ ಘಾಟಿಯನ್ನು ಹತ್ತಿಸಿ, ಕೆಳಗೆ ಲಾ ಪುಂಟ್ ಊರಿನಲ್ಲಿ ಮುಗಿಯುತ್ತಿತ್ತು. ಆ ಇಳಿತದಲ್ಲಿ ಜಿನೊ ಮೇಡರ್ ಕಮರಿಗೆ ಬಿದ್ದು ಮರುದಿನ ತೀರಿಕೊಂಡರು. ಅವರಿಗೆ 26 ವರ್ಷ. ಅಪಘಾತದ ಸಂಜೆ ಬೆಲ್ಜಿಯಮ್ಮಿನ ರೆಮ್ಕೊ ಎವೆನೆಪೂಲ್ ಎರಡು ಮಾತು ಹೇಳಿದ್ದರು: ಘಾಟಿಯ ತುದಿಯಲ್ಲೇ ಮುಗಿಸಬಹುದಿತ್ತು, ಇಳಿಸಿದ್ದು ಸರಿಯಲ್ಲ, ಹಾಗೆಯೇ ಇಳಿಯುವಾಗ ಎಷ್ಟು ಅಪಾಯ ತಂದುಕೊಳ್ಳುತ್ತೇವೆಂದು ಸವಾರರಾದ ನಾವೂ ಯೋಚಿಸಬೇಕು.

ಫಿನೆಸ್ತ್ರೆಯಲ್ಲಿ ನನ್ನನ್ನು ಕುರ್ಚಿಯ ಅಂಚಿಗೆ ತಂದದ್ದೂ ಇಂಥದೇ ಒಂದು ಇಳಿತ, ಅದಾದ ಮೇಲಿನ ಕಣಿವೆ. ತುದಿಯಲ್ಲೇ ಗೆರೆ ಎಳೆದರೆ ಆಸೆಗೆ ಜಾಗವಿಲ್ಲವೆಂದು ಮೇಲೆ ಬರೆದವನೂ ನಾನೇ. ಎವೆನೆಪೂಲ್ ಕೇಳಿದ್ದು ತುದಿಯ ಗೆರೆಯನ್ನು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಸುಲಭವಲ್ಲ. ಹಂತದ ಚಿತ್ರಪಟದಲ್ಲಿ ಪ್ರತಿ ಏರಿಗೂ ಹೆಸರಿದೆ, ಉದ್ದ ಇದೆ, ಶೇಕಡಾ ಎಷ್ಟು ಎಂಬ ಲೆಕ್ಕವಿದೆ, ಒಂದನೇ ದರ್ಜೆ ಎರಡನೇ ದರ್ಜೆ ಎಂಬ ಶ್ರೇಣಿಯಿದೆ. ಇಳಿತಕ್ಕೆ ಬಲಗಡೆ ಜಾರುವ ಒಂದು ಬರಿಯ ಗೆರೆ. ದರ್ಜೆಯೂ ಇಲ್ಲ, ತಿರುವುಗಳ ಎಣಿಕೆಯೂ ಇಲ್ಲ. ದಾರಿಗೆ ಅಂಕ ಕೊಡಲು ಕೂರುವ ನಾವು ಓದುವುದು ಈ ಪಟವನ್ನೇ.