ಶರಣೆಯರ ಅಂಕಿತ, ಸಂಸಾರದ ನಂಟು

ಸಂಸಾರದ ನಂಟುಗಳ ನಡುವೆಯೇ ಹೆಣ್ಣಿನ ಸ್ವಂತಿಕೆ ಬೆಳೆಯಬಲ್ಲದೇ, ಇಲ್ಲವೇ ಅವುಗಳನ್ನು ಕಡಿದುಕೊಂಡರೆ ಮಾತ್ರ ಅರಳುತ್ತದೆಯೇ? ಈ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹುಡುಕುವವರು 12ನೆಯ ಶತಮಾನದ ಶರಣೆಯರ ಅಂಕಿತಗಳನ್ನು ಗಮನಿಸಬೇಕು. ಅಂಕಿತ ಸಾಮಾನ್ಯವಾಗಿ ಇಷ್ಟದೈವದ ಹೆಸರು. ವಚನಕಾರರ ಗುರುತೂ ಹೌದು. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಅವನ ಹೆಂಡತಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಹಡಪದ ಅಪ್ಪಣ್ಣನ ಹೆಂಡತಿ ಲಿಂಗಮ್ಮನದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಅಕ್ಕನಾಗಮ್ಮನ ಅಂಕಿತದಲ್ಲಿ ಒಡಹುಟ್ಟಿದ ಬಸವಣ್ಣನ ಹೆಸರಿದೆ, ಮುಕ್ತಾಯಕ್ಕನ ಅಂಕಿತದಲ್ಲಿ ಅಣ್ಣ ಅಜಗಣ್ಣನ ಹೆಸರಿದೆ. ಮೇಲುನೋಟಕ್ಕೆ ಇವರೆಲ್ಲ ಗಂಡನ, ಒಡಹುಟ್ಟಿದವರ ನೆರಳಿನಲ್ಲಿ ನಿಂತವರಂತೆ ಕಾಣುತ್ತಾರೆ. ಅಂಕಿತವನ್ನಷ್ಟೇ ನೋಡದೆ ವಚನವನ್ನು ಓದಿದರೆ ಬೇರೆಯೇ ಚಿತ್ರ ತೆರೆದುಕೊಳ್ಳುತ್ತದೆ. ನನ್ನ ವಾದ ಇಷ್ಟು: ಹೆಣ್ಣಿನ ಸೃಜನಶೀಲತೆಯನ್ನು ಕುಗ್ಗಿಸುವುದು ನಂಟಲ್ಲ, ಪ್ರಶ್ನೆಗೆ ಎಡೆಗೊಡದ ನಂಟು.

ಲಕ್ಕಮ್ಮನ ಪ್ರಸಂಗವನ್ನೇ ನೋಡಿ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಕಾಳನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಆ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯ ಗುರುತು ಎಂದು ಲಕ್ಕಮ್ಮ ಅದನ್ನು ಬಿದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಇಲ್ಲಿ ಧರ್ಮದ ತೀರ್ಮಾನ ಹೊರಟದ್ದು ಮಠದಿಂದಲ್ಲ, ಅಡುಗೆಮನೆಯಿಂದ. ಇಷ್ಟೇ ಅಕ್ಕಿ ಸಾಕು ಎಂದು ದಿನವೂ ಅಳೆಯುವ ಕೈಗೆ ಮಿತಿಯ ಅರಿವಿರುತ್ತದೆ. ಆ ಅರಿವೇ ಅವಳ ವಚನಗಳಲ್ಲಿ ಕಾಯಕದ ತತ್ವವಾಯಿತು. ದಾಂಪತ್ಯ ಅವಳ ಕಾವ್ಯಕ್ಕೆ ಅಡ್ಡಿಯಾಗಲಿಲ್ಲ, ವಸ್ತುವಾಯಿತು. ಅವಳು ತಿದ್ದಿದಾಗ ಮಾರಯ್ಯ ಕೇಳಿದ ಎಂಬುದೂ ಇದಕ್ಕೆ ಕಾರಣ. ಮುಕ್ತಾಯಕ್ಕನದು ಇನ್ನೊಂದು ಬಗೆ. ಅಣ್ಣನನ್ನೇ ಗುರುವೆಂದು ನಂಬಿದ್ದ ಅವಳು ಅವನು ಲಿಂಗೈಕ್ಯನಾದಾಗ ಶೋಕದಲ್ಲಿ ಮುಳುಗಿದಳು. ಸಂತೈಸಲು ಬಂದ ಶರಣ ಅಲ್ಲಮನ ಮಾತನ್ನು ಥಟ್ಟನೆ ಒಪ್ಪಿಕೊಳ್ಳದೆ ಅವನ ಅರಿವನ್ನೇ ಒರೆಗೆ ಹಚ್ಚಿದಳು. ತಂಗಿಯ ದುಃಖ ತತ್ವಚರ್ಚೆಯಾಗಿ ಮಾರ್ಪಟ್ಟಿದ್ದು ಹೀಗೆ.

ಆಕ್ಷೇಪಗಳಿವೆ. ಗಂಡನ ಹೆಸರಿಲ್ಲದೆ ಹೆಂಡತಿಗೆ ಗುರುತೇ ಇರಲಿಲ್ಲ ಎನ್ನುವುದಕ್ಕೆ ಈ ಅಂಕಿತಗಳೇ ಸಾಕ್ಷಿಯಲ್ಲವೇ ಎಂದು ಕೇಳಬಹುದು. ಇದರಲ್ಲಿ ಸತ್ಯಾಂಶವಿದೆ. ಆದರೂ ಹಡಪದ ಅಪ್ಪಣ್ಣನೂ ತನ್ನ ಅಂಕಿತದಲ್ಲಿ ಬಸವಣ್ಣನ ಹೆಸರು ಹೇಳುತ್ತಾನೆ. ಹಾಗಾಗಿ ಇನ್ನೊಬ್ಬರ ಹೆಸರಿನೊಂದಿಗೆ ತನ್ನನ್ನು ಗುರುತಿಸಿಕೊಳ್ಳುವುದು ಶರಣರಲ್ಲಿ ಹೆಣ್ಣಿಗಷ್ಟೇ ಸೀಮಿತವಾಗಿರಲಿಲ್ಲ. ಆದರೆ ಅವನ ಅಂಕಿತದಲ್ಲಿ ಲಿಂಗಮ್ಮನಿಲ್ಲ, ಮಾರಯ್ಯನ ಅಂಕಿತದಲ್ಲಿ ಲಕ್ಕಮ್ಮನಿಲ್ಲ. ಈ ಅಸಮಾನತೆಯನ್ನು ಮುಚ್ಚಿಡಬಾರದು. ಲಕ್ಕಮ್ಮನ ಕಥೆ, ಮುಕ್ತಾಯಕ್ಕನ ಸಂವಾದ ನಮಗೆ ದಕ್ಕಿರುವುದು 15ನೆಯ ಶತಮಾನದ ಶೂನ್ಯಸಂಪಾದನೆಯಂಥ ಗ್ರಂಥಗಳಿಂದ ಎಂಬುದೂ ನಿಜ. ಅವು ಚರಿತ್ರೆಯಲ್ಲ ಎಂದರೂ, ತಿದ್ದುವ ಹೆಂಡತಿಯನ್ನು, ವಾದಿಸುವ ತಂಗಿಯನ್ನು ಒಂದು ಧರ್ಮಪರಂಪರೆ ಆದರ್ಶವೆಂದು ಕಾಪಾಡಿಕೊಂಡು ಬಂದಿತು ಎಂಬುದು ಸಣ್ಣ ಸಂಗತಿಯಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಅಕ್ಕಮಹಾದೇವಿಯ ಬದುಕಿನಿಂದ ಹುಟ್ಟುವಂಥದು. ಅರಸ ಕೌಶಿಕನನ್ನು ತೊರೆದು, ಮನೆ ಬಿಟ್ಟು ನಡೆದವಳೇ ಶರಣೆಯರಲ್ಲಿ ಎಲ್ಲರಿಗಿಂತ ದೊಡ್ಡ ಕವಿಯಲ್ಲವೇ? ಹೌದು. ಅವಳ ಮಾತಿಗೆ ಬೆಲೆಯಿಲ್ಲದ ಮನೆಯನ್ನು ಅವಳು ಬಿಟ್ಟದ್ದು ನ್ಯಾಯವೇ. ಆದರೆ ಅವಳು ನಂಟನ್ನೇ ಬಿಡಲಿಲ್ಲ. ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ವರಿಸಿದಳು, ಕಲ್ಯಾಣದ ಶರಣರನ್ನು ಬಂಧುಗಳೆಂದು ಆರಿಸಿಕೊಂಡಳು. ಹೇರಿದ ಸಂಬಂಧವನ್ನು ಕಳಚಿ ಒಲಿದ ಸಂಬಂಧವನ್ನು ಕಟ್ಟಿಕೊಂಡದ್ದೇ ಅವಳ ಕಾವ್ಯದ ಕಸುವು. ಮನೆ ಬಿಟ್ಟರೆ ಮಾತ್ರ ದೊಡ್ಡ ಕವಿ ಎಂದು ಅವಳನ್ನು ಅಳತೆಗೋಲಾಗಿಸುವುದು ಉಳಿದ ಶರಣೆಯರಿಗೆ ಮಾಡುವ ಅನ್ಯಾಯ. ಬಸವಣ್ಣ ಸಂಸಾರಿಯಾಗಿ, ಅರಸ ಬಿಜ್ಜಳನ ಭಂಡಾರಿಯಾಗಿ ವಚನ ಬರೆದ. ಅವನು ಮನೆ ಬಿಡಬೇಕಿತ್ತೆಂದು ಯಾರೂ ಹೇಳುವುದಿಲ್ಲ. ಬರೆಯಲು ಎಲ್ಲವನ್ನೂ ಕಳೆದುಕೊಳ್ಳಬೇಕೆಂಬ ಷರತ್ತು ಹೆಣ್ಣಿಗೆ ಮಾತ್ರ ಏಕೆ?

ಆದ್ದರಿಂದ ಕುಟುಂಬ ಬೇಕೇ ಬೇಡವೇ ಎಂಬ ಚರ್ಚೆಗಿಂತ ಎಂಥ ಕುಟುಂಬ ಎಂಬ ಚರ್ಚೆ ಮುಖ್ಯ. ಹೆಣ್ಣಿನ ಸೇವೆಯನ್ನು ಹೊಗಳುವ ಮನೆಗಳು ಬೇಕಾದಷ್ಟಿವೆ. ಅವಳ ತೀರ್ಪಿಗೆ ತಲೆಬಾಗಿ ತಂದದ್ದನ್ನು ಹಿಂದಿರುಗಿಸುವ ಮನೆಗಳು ಕಡಿಮೆ. ಅವಳು ಬೇಡವೆಂದಾಗ ಮನೆಯವರ ನಡತೆ ಬದಲಾಗುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಅದು ಬದಲಾಗುವ ಕಡೆ ನಂಟು ಅವಳ ಬರವಣಿಗೆಯನ್ನು ಬೆಳೆಸುತ್ತದೆ. ಬದಲಾಗದ ಕಡೆ ಅಕ್ಕನ ದಾರಿ ಹಿಡಿದವಳನ್ನು ದೂರುವ ಹಕ್ಕು ಯಾರಿಗೂ ಇಲ್ಲ.