ಬೇಲಿ ದಾಟಿದ ಬೆಂಕಿ

ನಾವು ಪೆಂತೆಕೋಸ್ತಿನವರು, ಅಗ್ನಿ ಅಂದ ಕೂಡಲೇ ಹಲ್ಲೆಲೂಯ ಅಂತೀವಿ. ಇವತ್ತು ನಾನು ಹೇಳೋದು ಬೆಂಕಿಕಡ್ಡಿಯ ಬೆಂಕಿ.

ವಿಮೋಚನಕಾಂಡ 22ನೇ ಅಧ್ಯಾಯ, 6ನೇ ವಚನ ತೆಗೆಯಿರಿ. ಸಿಕ್ಕಿತಾ? ಒಬ್ಬನು ಹಚ್ಚಿದ ಬೆಂಕಿ ಮುಳ್ಳಿಗೆ ತಗಲಿ, ಇನ್ನೊಬ್ಬನ ಬಣವೆಯೋ ಪೈರೋ ಸುಟ್ಟರೆ, ಹಚ್ಚಿದವನೇ ನಷ್ಟ ಕಟ್ಟಿಕೊಡಬೇಕು ಅಂತ ದೇವರು ಹೇಳ್ತಾರೆ. ನೋಡಿ, ಆ ಜನ ಇನ್ನೂ ಸೀನಾಯಿ ಬೆಟ್ಟದ ಬುಡದಲ್ಲಿದ್ದಾರೆ, ಯಾರಿಗೂ ಒಂದು ಗುಂಟೆ ಹೊಲ ಇಲ್ಲ! ಹೊಲ ಕೊಡುವ ಮೊದಲೇ ದೇವರು ಪಕ್ಕದ ಹೊಲದವನ ವಿಷಯ ಮಾತಾಡಿಬಿಟ್ಟರು.

ನಮ್ಮ ವೈದ್ಯನಾಥಪುರದ ಕಡೆ ಕಬ್ಬು ಕಟಾವಾದ ಮೇಲೆ ಏನು ಮಾಡ್ತೀವಿ? ತರಗಿಗೆ ಕಡ್ಡಿ ಗೀರ್ತೀವಿ. ಚಳಿಗಾಲದ ಸಂಜೆ ಹಚ್ಚಿದರೆ ತಣ್ಣನೆ ಗಾಳಿ ನೆಲ ಹಿಡಿದು ಕೂತಿರುತ್ತೆ, ಹೊಗೆ ಮೇಲೇರಲ್ಲ. ಶಿಂಷಾ ದಂಡೆಯ ಉದ್ದಕ್ಕೂ ಹಾಸಿಕೊಂಡಿರುತ್ತೆ. ಪಕ್ಕದ ಮನೆಯಲ್ಲಿ ಬಾಣಂತಿ ಇರಬಹುದು, ಉಬ್ಬಸದ ಅಜ್ಜಿ ಇರಬಹುದು. ಕದ ಹಾಕಿದರೂ ಸಂದಿಯಲ್ಲಿ ಬರುತ್ತೆ.

ಈಚೆಗೆ ಒಬ್ಬ ಸಹೋದರರು ಪ್ರಾರ್ಥನೆಗೆ ಬಂದರು. (ಅವರನ್ನು ಕೇಳಿಯೇ ಹೇಳ್ತಿದ್ದೀನಿ.) ಅವರು ಹಚ್ಚಿದ ಬೆಂಕಿ ಬದು ದಾಟಿ ಪಕ್ಕದವರ ಡ್ರಿಪ್ ಪೈಪು, ಆರು ತೆಂಗಿನ ಸಸಿ ಸುಟ್ಟಿತ್ತು. ಆ ಪಕ್ಕದವರು ನಮ್ಮ ಸಭೆಯವರಲ್ಲ.

"ಗಾಳಿ ತಿರುಗಿಬಿಡ್ತು ಪಾಸ್ಟರ್, ನಾನೇನು ಬೇಕಂತ ಮಾಡಿದ್ನಾ? ಅವರ ಕೋಪ ಇಳಿಯೋ ಹಾಗೆ ಪ್ರಾರ್ಥನೆ ಮಾಡಿ" ಅಂದರು.

ಮಾಡ್ತೀನಿ ಬ್ರದರ್, ಆದರೆ ಈ ವಚನದಲ್ಲಿ ಗಾಳಿಯ ಮಾತೇ ಇಲ್ಲವಲ್ಲ! ಬೇಕಂತ ಹಚ್ಚಿದನಾ ಅಂತಲೂ ಕೇಳಿಲ್ಲ. ಮತ್ತಾಯ 5ರಲ್ಲಿ ಸ್ವಾಮಿ ಏನಂದರು? ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಮೊದಲು ಹೋಗಿ ಸಮಾಧಾನ ಮಾಡಿಕೊ ಅಂದರು. ಪೈಪು, ಸಸಿ ತಂದುಕೊಡಿ, ನಾನೂ ಜೊತೆಗೆ ಬರ್ತೀನಿ ಅಂದೆ. ಅವರಿಗೆ ಬೇಸರವಾಯಿತು. ಕಬ್ಬಿನ ದುಡ್ಡು ಬಂದಿಲ್ಲ, ಸಂಘದ ಸಾಲ ಬೇರೆ ಇದೆ. ಆದರೂ ಸಸಿ ತಂದರು, ಇಬ್ಬರೂ ಹೋದೆವು. ಆ ಯಜಮಾನರು ಒಳಗೆ ಕರೆಯಲಿಲ್ಲ. ಸಸಿ ಮಾತ್ರ ಇಳಿಸಿಕೊಂಡರು. ಪೈಪಿನ ದುಡ್ಡು ಇನ್ನೂ ಬಾಕಿ ಇದೆ.

ಪ್ರಿಯರೇ, ತರಗನ್ನು ಕಬ್ಬಿನ ಸಾಲುಗಳ ನಡುವೆ ಹರಡಿ. ತೇವ ಉಳಿಯುತ್ತೆ, ಕಳೆ ತಗ್ಗುತ್ತೆ, ಕೊಳೆತು ಗೊಬ್ಬರವಾಗುತ್ತೆ. ಹಿತ್ತಲ ಕಸಕ್ಕೂ ಒಂದು ಗುಂಡಿ ತೋಡಿ. ಪ್ಲಾಸ್ಟಿಕ್ ಅಂತೂ ಸುಡಲೇಬೇಡಿ.

ಈಗ ಎದ್ದು ನಿಲ್ಲೋಣ. ಆ ಸಹೋದರರಿಗಾಗಿ ಪ್ರಾರ್ಥಿಸೋಣ, ಆ ಪಕ್ಕದ ಮನೆಯವರಿಗಾಗಿಯೂ.