ಸೂಜಿ ಹಾಕದ ಡಾಕ್ಟರ್

“ಸೂಜಿ ಹಾಕಲ್ಲ, ಗುಳಿಗೆ ಕೊಡಲ್ಲ. ಅದೆಂಥ ಡಾಕ್ಟರ್ ಭಾಯಿ?” ಹೊನ್ನಾಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ನೆರೆಯವರು ಹೀಗೆ ಕೇಳಿದಾಗ ನಮಗೆ ನಗು ಬಂತು. ಅವರ ಮುಖ ನೋಡಿ ನಗು ಉಡುಗಿತು. ಮಗಳು ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದಿದ್ದಾಳೆ. ರೋಗಗಳ ಬಗ್ಗೆ ಸಂಶೋಧನೆ ಮಾಡುತ್ತೇನೆಂಬ ಹಟ. ಐದಾರು ವರ್ಷದ ಮಾತು. ತಿಂಗಳಿಗೆ ಬರುವ 37,000 ರೂಪಾಯಿ ಶಿಷ್ಯವೇತನವೇ ಹೊರತು ನೌಕರಿಯಲ್ಲ. ಮನೆಯಲ್ಲಿ ಓದುವವರು ಇನ್ನೂ ಇಬ್ಬರಿದ್ದಾರೆ. ಬಿ.ಎಡ್. ಮಾಡಿದ್ದರೆ ಇಷ್ಟರಲ್ಲಿ ಟೀಚರ್ ಆಗಿರುತ್ತಿದ್ದಳೆಂಬುದು ತಾಯಿಯ ಲೆಕ್ಕ. ಅದು ತಪ್ಪೆನ್ನುವ ಧೈರ್ಯ ನಮಗಿಲ್ಲ.

ನಾವು ಅವರಿಗೆ ಮಂಗನ ಕಾಯಿಲೆಯ ಕಥೆ ಹೇಳಿದೆವು. 1997ರಲ್ಲಿ ದಾವಣಗೆರೆಗೆ ಸೇರುವ ತನಕ ಹೊನ್ನಾಳಿ ಶಿವಮೊಗ್ಗ ಜಿಲ್ಲೆಯದೇ. ಅದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇ ಎಂಬ ಆತಂಕ ಮೊದಲಿಗೆ. ಸತ್ತ ಮಂಗ, ರೋಗಿಯ ರಕ್ತ, ಕಾಡಿನ ಉಣ್ಣೆ ಎಲ್ಲವನ್ನೂ ಪರೀಕ್ಷಿಸಿ, ಇದು ಜಗತ್ತಿಗೇ ಹೊಸದಾದ ವೈರಾಣು, ಹರಡುವುದು ಉಣ್ಣೆಯ ಕಡಿತದಿಂದ ಎಂದು ಗುರುತಿಸಿದರು. ಈ ಕೆಲಸದಲ್ಲಿ ಪ್ರಯೋಗಾಲಯದವರಿಗೂ ಸೋಂಕು ತಗುಲಿತು. ಆ ವೈರಾಣುವನ್ನು ಕೊಲ್ಲುವ ಔಷಧ ಇಂದಿಗೂ ಇಲ್ಲ. ಆದರೆ ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವವರು ಡೆಪಾ ಎಣ್ಣೆ ಹಚ್ಚಿಕೊಳ್ಳುವುದು, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸುವುದು ಆ ಪತ್ತೆಯಿಂದಲೇ ಬಂದ ಅಭ್ಯಾಸ.

ಇಲ್ಲಿಗೇ ನಿಲ್ಲಿಸಿದ್ದರೆ ಕಥೆ ಸೊಗಸಾಗಿರುತ್ತಿತ್ತು. ಆದರೆ ಮಗಳನ್ನು ಕಳಿಸುವವರಿಗೆ ಅರ್ಧ ಕಥೆ ಹೇಳುವುದು ಮೋಸ. ಲಸಿಕೆಯೂ ತಯಾರಾಯಿತು, 1990ರಿಂದ ಮಲೆನಾಡಿನ ಹಳ್ಳಿಗಳಲ್ಲಿ ಹಾಕಿದರು. 2005ರಿಂದ 2010ರವರೆಗಿನ ಅಂಕಿಗಳನ್ನು ಕೂಡಿಸಿ ನೋಡಿದಾಗ, ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ. 62ರ ಆಸುಪಾಸಿನಲ್ಲಿತ್ತು. 2022ರಲ್ಲಿ ಲಸಿಕೆಯನ್ನೇ ನಿಲ್ಲಿಸಲಾಯಿತು. ಅದಕ್ಕಾಗಿ ಆಯುಷ್ಯ ಸವೆಸಿದವರ ದುಡಿಮೆ ನೀರುಪಾಲಾಯಿತೇ?

ನಮಗೆ ಹಾಗೆನಿಸುವುದಿಲ್ಲ. ಲಸಿಕೆ ಹಾಕಿಸಿಕೊಂಡಿದ್ದೇನೆಂದು ನಂಬಿ, ಎಣ್ಣೆ ಹಚ್ಚದೆ ಕಾಡಿಗೆ ಹೊರಟವನನ್ನು ತಡೆಯುವುದು ‘ಇದು ಸಾಲದು’ ಎಂಬ ಮಾತೇ. ಅದನ್ನು ಲೆಕ್ಕಸಮೇತ ಹೇಳಿದವರೂ ಜೀವ ಕಾಯುವವರೇ. ಅವರಿಗೆ ಶಾಲು ಹೊದಿಸುವವರಿಲ್ಲ. (ನಾಲ್ಕು ಕಥೆ ಬರೆದ ನಮಗೇ ಎರಡು ಶಾಲು ಸಿಕ್ಕಿವೆ!) ಎಂಬಿಬಿಎಸ್ ಸೀಟು ಸಿಕ್ಕ ಹುಡುಗನಿಗೆ ಮೊಹಲ್ಲಾದಲ್ಲಿ ಚಂದಾ ಎತ್ತಿದ್ದೇವೆ, ನಾವೂ ಕೊಟ್ಟಿದ್ದೇವೆ. ಈ ಹುಡುಗಿಯ ತಮ್ಮಂದಿರ ಫೀಜು ಯಾರು ಕಟ್ಟುತ್ತಾರೆಂದು ಯಾರೂ ಕೇಳಿಲ್ಲ. ನಾವೂ ಕೇಳಿರಲಿಲ್ಲ.

ನೆರೆಯವರು ಎಲ್ಲವನ್ನೂ ಕೇಳಿಸಿಕೊಂಡರು. “ಐದು ವರ್ಷ ದುಡಿದು ಏನೂ ಸಿಗದಿದ್ರೆ?”

“ಸಿಗಲಿಲ್ಲ ಅಂತ ಬರೀಬೇಕು.”

“ಮೋಟಾರು ಪೂರಾ ಸುಟ್ಟಿದೆ, ಇನ್ನು ನಡೆಯಲ್ಲ ಅಂತ ನಾನೂ ಗಿರಾಕಿಗೆ ಹೇಳ್ತೀನಿ ಭಾಯಿ. ಹಾಗೆ ಹೇಳಿದ ದಿನ ಕೂಲಿ ಹುಟ್ಟಲ್ಲ” ಎಂದು ಅವರು ಅಂಗಡಿಯ ಬೀಗದ ಕೈ ತೆಗೆದುಕೊಂಡು ಎದ್ದರು.